ಉಂಡೆಗಳ ದೊಡ್ಡ ಸಂಸಾರ

ಕಳೆದ ಸಂಚಿಕೆಯಲ್ಲಿ ಈ ಅಂಕಣವು ಬಾಳೆಲೆಯ ಬೆಲೆಯನ್ನೂ ಕರಿಬೇವಿನ ಬಾಡಿದ ಮುಖವನ್ನೂ ಕುರಿತು ಹರಟಿದ್ದುಂಟು. ಈ ಸಲದ ವಿಷಯ ಲೇಕ್ ಮಾರ್ಕೆಟ್ಟಿನ ಯಾವ ಬುಟ್ಟಿಯಲ್ಲಿಯೂ ಸಿಕ್ಕತಕ್ಕದ್ದಲ್ಲ. ಆದರೆ ಮಾರ್ಕೆಟ್ಟಿನ ಸುತ್ತಮುತ್ತಣ ನಮ್ಮವರ ಮನೆಗಳಲ್ಲಿ ಧಾರಾಳವಾಗಿ ನಡೆಯುತ್ತಿರತಕ್ಕದ್ದು. ಸಂಘದ ತಾಯಂದಿರು ಮೂರು ನಾಲ್ಕು ಜನ ಬೇರೆ ಬೇರೆಯಾಗಿ ನನ್ನನ್ನು ಕೇಳಿದ ಪ್ರಶ್ನೆ ಒಂದೇ: "ಹುಡುಗರು ಊಟದ ಹೊತ್ತಿಗೂ ಫೋನು ಹಿಡಿದು ಆ ಜಪಾನಿ ಬೊಂಬೆಚಿತ್ರ ನೋಡುತ್ತಾರಲ್ಲ, ಅದರಲ್ಲಿ ಅಂಥದೇನಿದೆ? ನೋಡಗೊಡಬಹುದೆ, ಕೂಡದೆ?"

ನೋಡದೆ ತೀರ್ಪು ಕೊಡುವುದು ಸುಲಭ. ನ್ಯಾಯ ಮಾತ್ರ ಅಲ್ಲ. ಆದುದರಿಂದ ಇಲ್ಲಿಯೇ ಬಿ.ಎಸ್ಸಿ. ಓದುತ್ತಿರುವ ನನ್ನ ತಂಗಿಯ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಂಥ ಒಂದು ಕಥೆಯನ್ನು ಆದ್ಯಂತವಾಗಿ ನೋಡಿದೆ. ಅವರು ಇದಕ್ಕೆ 'ಅನಿಮೆ' ಎನ್ನುತ್ತಾರೆ. ನಾವು ನೋಡಿದ್ದರ ಹೆಸರು 'ಕ್ಲ್ಯಾನಡ್'. ಒಟ್ಟು 47 ಕಂತು, ಕಂತಿಗೆ ಸುಮಾರು 24 ನಿಮಿಷ; ಒಂದು ತಿಂಗಳಿನ ಸಂಜೆಗಳೆಲ್ಲ ಅದಕ್ಕೇ ಹೋದವು. ಹೋದುದಕ್ಕೆ ನನಗೆ ವ್ಯಸನವಿಲ್ಲ. ಏಕೆಂಬುದನ್ನು ಹೇಳುತ್ತೇನೆ.

ಮೊದಲು ಈ ಕಥೆಯ ಮೂಲವನ್ನು ತಿಳಿಯಬೇಕು. ಜಪಾನಿನಲ್ಲಿ 'ವಿಷುಯಲ್ ನಾವೆಲ್' ಎಂಬ ಒಂದು ಜಾತಿಯ ಪುಸ್ತಕವುಂಟು. ಪುಸ್ತಕವೆಂದರೂ ಕಾಗದದ್ದಲ್ಲ, ಕಂಪ್ಯೂಟರಿನ ಪರದೆಯ ಮೇಲೆ ಓದತಕ್ಕದ್ದು. 'ಚಂದಮಾಮ'ದ ಒಂದು ಪುಟವನ್ನು ನೆನೆಸಿಕೊಳ್ಳಿ: ಮೇಲೆ ಬಣ್ಣದ ಚಿತ್ರ, ಕೆಳಗೆ ಕಥೆ. ಆ ಚಿತ್ರದಲ್ಲಿರುವವರ ದನಿ ಕೇಳಿಸುವಂತೆಯೂ ಹಿಂದೆ ಸಂಗೀತ ನುಡಿಯುವಂತೆಯೂ ಮಾಡಿದರೆ ಮುಕ್ಕಾಲು ಪಾಲು ವಿಷುಯಲ್ ನಾವೆಲ್ ಆಯಿತು. ಉಳಿದ ಕಾಲು ಪಾಲಿನಲ್ಲಿಯೇ ಅದರ ವಿಶೇಷವಿರುವುದು. ಬೇತಾಳವು ವಿಕ್ರಮನನ್ನು ಕೇಳುವಂತೆ ಕಥೆಯು ನಡುನಡುವೆ ನಿಂತು ಓದುಗನನ್ನೇ ಕೇಳುತ್ತದೆ: ಈಗ ಈ ಗೆಳತಿಯನ್ನು ಮಾತನಾಡಿಸುವೆಯೋ, ಸುಮ್ಮನೆ ಮನೆಗೆ ಹೋಗುವೆಯೋ? ಕೊಟ್ಟ ಉತ್ತರದಂತೆ ಕಥೆಯ ದಾರಿ ಬೇರೆಯಾಗುತ್ತದೆ. ಒಂದು ದಾರಿ ಮುಗಿದ ಬಳಿಕ ಹಿಂದಿರುಗಿ ಇನ್ನೊಂದನ್ನು ಹಿಡಿಯಬಹುದು. ಕ್ಲ್ಯಾನಡಿನಲ್ಲಂತೂ ಹಲವರ ಕಥೆಗಳನ್ನು ಹೀಗೆ ಒಂದೊಂದಾಗಿ ಮುಗಿಸಿ ಬೆಳಕಿನ ಚಿಕ್ಕ ಗೋಲಗಳನ್ನು ಕೂಡಿಸಿಕೊಂಡವನಿಗಷ್ಟೆ ನಿಜವಾದ ಮುಕ್ತಾಯ ತೆರೆಯುತ್ತದೆ.

'ಕೀ' ಎಂಬ ಹೆಸರಿನ ಜಪಾನಿ ತಂಡವು ಇದನ್ನು 2004ರ ಏಪ್ರಿಲ್ 28ರಂದು ಹೊರತಂದಿತು. ಕಥೆಯ ಬಹುಭಾಗವನ್ನು ಬರೆದ ಜುನ್ ಮಾಯೆದ ಎಂಬವರು ಸಂಗೀತವನ್ನೂ ಬಲ್ಲವರು. ಇದರ ರಾಗಗಳಲ್ಲಿ ಕೆಲವು ಅವರವೇ. ಕಥೆ ಜನಪ್ರಿಯವಾಯಿತು. 2007ರ ಸೆಪ್ಟೆಂಬರಿನಲ್ಲಿ ತೊಯೆಯಿ ಸಂಸ್ಥೆ ಅದನ್ನು ಒಂದು ಸಿನಿಮಾ ಮಾಡಿತು. ಮರು ತಿಂಗಳೇ ಕ್ಯೋಟೊ ಅನಿಮೇಷನ್ ಸಂಸ್ಥೆಯು ಟೆಲಿವಿಷನ್ನಿಗೆ ಧಾರಾವಾಹಿಯಾಗಿ ತರಲಾರಂಭಿಸಿತು. ನಿರ್ದೇಶಕರು ತತ್ಸುಯ ಇಶಿಹಾರ. 2008ರ ಮಾರ್ಚಿಯವರೆಗೆ 23 ಕಂತು. ಬಳಿಕ 'ಆಫ್ಟರ್ ಸ್ಟೋರಿ' ಎಂಬ ಎರಡನೆಯ ಭಾಗ, 2008ರ ಅಕ್ಟೋಬರಿನಿಂದ 2009ರ ಮಾರ್ಚಿಯವರೆಗೆ 24 ಕಂತು.

ಟೆಲಿವಿಷನ್ ಪೆಟ್ಟಿಗೆ ನೋಡುವವನನ್ನು ಏನೂ ಕೇಳಲಾರದು. ಹತ್ತು ದಾರಿಯ ಕಥೆಯನ್ನು ಒಂದೇ ದಾರಿಗೆ ಇಳಿಸುವುದು ಹೇಗೆ? ಈ ಕಷ್ಟವೇನೆಂಬುದನ್ನು ನಮ್ಮ ಬಡಾವಣೆಯವರಿಗೆ ವಿವರಿಸಬೇಕಾಗಿಲ್ಲ. ಇಲ್ಲಿಯ ಲೇಕ್ ಟೆಂಪಲ್ ರಸ್ತೆಯಲ್ಲಿ ಕೆಲವು ಕಾಲ ವಾಸವಾಗಿದ್ದ ಸತ್ಯಜಿತ್ ರಾಯ್ ಅವರು ಅದನ್ನು ಬಲ್ಲವರಾಗಿದ್ದರು. ವಿಭೂತಿಭೂಷಣರ 'ಪಥೇರ್ ಪಾಂಚಾಲಿ' ಕಾದಂಬರಿಯಲ್ಲಿ ಅಪುವಿನ ಸಂಸಾರ ಊರು ಬಿಟ್ಟು ಕಾಶಿಗೆ ಹೋದ ಮೇಲೂ ಕಥೆ ಮುಂದುವರಿಯುತ್ತದೆ. 1955ರ ಚಿತ್ರವನ್ನು ರಾಯ್ ಅವರು ಎತ್ತಿನ ಗಾಡಿ ಊರು ಬಿಡುವಲ್ಲಿಗೇ ನಿಲ್ಲಿಸಿ, ಉಳಿದುದನ್ನು 1956ರ 'ಅಪರಾಜಿತೊ'ಗೆ ಎತ್ತಿಟ್ಟರು. ಕ್ಯೋಟೊದವರು ಇನ್ನೊಂದು ಉಪಾಯ ಮಾಡಿದರು. ಪುಸ್ತಕದಲ್ಲಿ ಬೇರೆ ಬೇರೆಯಾಗಿದ್ದ ದಾರಿಗಳಲ್ಲಿ ಹಲವನ್ನು ಒಂದೇ ದಾರಕ್ಕೆ ಹೂವಿನಂತೆ ಪೋಣಿಸಿದರು. ನಾಯಕನು ಒಬ್ಬರಾದ ಮೇಲೆ ಒಬ್ಬರ ಕಷ್ಟಕ್ಕೆ ಆಗುತ್ತಾನೆ. ಆತನ ಸ್ವಂತ ಜೀವನದ ದಾರಿ ಮಾತ್ರ ಒಂದೇ. ಹಿಡಿಯದೆ ಬಿಟ್ಟ ಎರಡು ದಾರಿಗಳನ್ನು, 'ಹೀಗೂ ಆಗಬಹುದಾಗಿತ್ತು' ಎಂಬಂತೆ, ಒಂದೊಂದು ಬಿಡಿ ಕಂತಾಗಿ ಡಿ.ವಿ.ಡಿ.ಗಳ ಸಂಗಡ ಕೊಟ್ಟರು. ಒಂದು 2008ರ ಜುಲೈಯಲ್ಲಿ, ಇನ್ನೊಂದು 2009ರ ಜುಲೈಯಲ್ಲಿ.

ಇನ್ನು ಕಥೆ. ತೊಮೊಯ ಎಂಬ ಹೈಸ್ಕೂಲು ಹುಡುಗ. ಎಳವೆಯಲ್ಲಿಯೇ ತಾಯಿ ಅಪಘಾತದಲ್ಲಿ ತೀರಿಕೊಂಡಳು. ತಂದೆ ಕುಡಿತಕ್ಕೂ ಜೂಜಿಗೂ ಬಿದ್ದ. ಒಮ್ಮೆ ತಂದೆ ಮಗನಿಗೆ ಜಗಳವಾಗಿ ಹುಡುಗನ ಭುಜಕ್ಕೆ ಪೆಟ್ಟಾಯಿತು; ಅವನ ಪ್ರಾಣವಾಗಿದ್ದ ಬಾಸ್ಕೆಟ್‌ಬಾಲ್ ಆಟ ಅಲ್ಲಿಗೆ ಮುಗಿಯಿತು. ಅಂದಿನಿಂದ ಒಂದೇ ಸೂರಿನ ಕೆಳಗೆ ಇಬ್ಬರು ಪರಕೀಯರು. ಹೀಗಿರುವಾಗ ನಾಗಿಸ ಎಂಬ ಹುಡುಗಿಯ ಪರಿಚಯವಾಗುತ್ತದೆ. ಕಾಯಿಲೆಯ ದೆಸೆಯಿಂದ ಒಂದು ವರ್ಷ ಹಿಂದೆ ಬಿದ್ದವಳು. ಆಕೆಯ ತಾಯಿತಂದೆಗಳದು ಒಂದು ಸಣ್ಣ ಬ್ರೆಡ್ಡಿನ ಅಂಗಡಿ. ತಾಯಿ ದಿನಕ್ಕೊಂದು ಹೊಸ ಬಗೆಯ ಬ್ರೆಡ್ಡು ಕಂಡುಹಿಡಿಯುವಳು, ಯಾರೂ ಕೊಳ್ಳರು. ಹೊಸರುಚಿಯ ಅಂಕಣ ಓದಿ ಅಡಿಗೆ ಮಾಡಿದ ಅನುಭವವುಳ್ಳವರು ಇಲ್ಲಿ ನಗಬಹುದು. ಆ ಮನೆಯಲ್ಲಿ ತೊಮೊಯನಿಗೆ ಮೊದಲ ಸಲ ಸಂಸಾರವೆಂದರೇನೆಂದು ತಿಳಿಯುತ್ತದೆ. ಹೆಚ್ಚಿನ ಪ್ರೇಮಕಥೆಗಳು ಮುಗಿಯುವಲ್ಲಿಂದ ಎರಡನೆಯ ಭಾಗ ಮುಂದೆ ನಡೆಯುತ್ತದೆ: ಶಾಲೆ ಮುಗಿದು, ಆತ ವಿದ್ಯುತ್ ಕೆಲಸಕ್ಕೆ ಸೇರಿ, ಬೀದಿ ದೀಪಗಳನ್ನು ಸರಿಪಡಿಸುತ್ತ, ಮದುವೆಯಾಗಿ ಸಣ್ಣ ಬಾಡಿಗೆ ಮನೆ ಮಾಡಿ. ಮೊದಲ ಸಂಬಳದ, ಮೈಕೈ ನೋವಿನ, ಬಾಡಿಗೆಯ ಚಿಂತೆಯ ಚಿತ್ರಣ ಇದರಲ್ಲಿರುವಷ್ಟು ಸಾವಧಾನವಾಗಿ ನಾನು ಸಿನಿಮಾಗಳಲ್ಲಿ ಕಂಡದ್ದು ಕಡಿಮೆ.

ನಾಗಿಸ ಹೆರಿಗೆಯಲ್ಲಿ ತೀರಿಕೊಳ್ಳುತ್ತಾಳೆ. ಮಗು ಉಳಿಯುತ್ತದೆ. ತೊಮೊಯ ಆ ಹೆಣ್ಣು ಮಗುವನ್ನು ಅತ್ತೆ ಮಾವಂದಿರಿಗೆ ಒಪ್ಪಿಸಿ, ಐದು ವರ್ಷ ತನ್ನ ದುಃಖದೊಳಗೇ ಮುಳುಗಿರುತ್ತಾನೆ. ಅಂದರೆ, ಯಾವ ತಂದೆಯನ್ನು ದ್ವೇಷಿಸಿದ್ದನೋ ಅಂಥ ತಂದೆಯೇ ತಾನೂ ಆಗುತ್ತಾನೆ. ಕೊನೆಗೆ ಅತ್ತೆಯ ಉಪಾಯದಿಂದ ಮಗಳೊಡನೆ ಒಬ್ಬಂಟಿಯಾಗಿ ಪ್ರಯಾಣ ಹೋಗಬೇಕಾಗುತ್ತದೆ. ಅಲ್ಲಿ ಸಮುದ್ರದ ಕಡೆಯ ಊರಿನಲ್ಲಿ ತಾನು ಅರಿಯದ ಅಜ್ಜಿ ಸಿಕ್ಕಿ ಒಂದು ಮಾತು ಹೇಳುತ್ತಾಳೆ: ಹೆಂಡತಿ ಸತ್ತಾಗ ನಿನ್ನ ತಂದೆಯೂ ನಿನ್ನ ವಯಸ್ಸಿನವನೇ; ನಿನ್ನ ಕೈ ಹಿಡಿದು ಇದೇ ಜಾಗದಲ್ಲಿ ನಿಂತು, ಒಬ್ಬನೇ ಸಾಕುತ್ತೇನೆಂದು ನಿಶ್ಚಯಿಸಿದ. ನಿನಗಾಗಿ ತನ್ನದೆನ್ನುವುದನ್ನೆಲ್ಲ ಒಂದೊಂದಾಗಿ ಬಿಟ್ಟುಕೊಟ್ಟ. ಇದು ಎರಡನೆಯ ಭಾಗದ 18ನೆಯ ಕಂತು. ಅದನ್ನು ನೋಡುವ ಸಂಜೆ ಒಲೆಯ ಮೇಲೆ ಏನನ್ನೂ ಇಡಬೇಡಿರೆಂದು ಗೃಹಿಣಿಯರಿಗೆ ನನ್ನ ಸಲಹೆ. ಮುಂದಿನದನ್ನು ನಾನು ಹೇಳುವುದಿಲ್ಲ.

ಈ ಕಥೆಯಲ್ಲಿ ನನ್ನನ್ನು ಬಹಳವಾಗಿ ತಟ್ಟಿದ್ದು ಒಂದು ಸಣ್ಣ ಪ್ರತ್ಯಯ. ಜಪಾನಿಯರು ಹೆಸರಿನ ಕೊನೆಗೆ ಸಂಬಂಧಕ್ಕೆ ತಕ್ಕಂತೆ ಒಂದೊಂದು ಬಾಲ ಸೇರಿಸುತ್ತಾರೆ. ಮನೆಯವರು ಬರಿಯ ಹೆಸರು ಹಿಡಿದು ಕರೆಯುವುದುಂಟು. ಆದರೆ ಈ ತಂದೆ ಮಗನನ್ನು ಕರೆಯುವುದು 'ತೊಮೊಯ-ಕುನ್' ಎಂದು, ಯಾವನೋ ಪರಿಚಯದ ಹುಡುಗನನ್ನು ಮರ್ಯಾದೆಯಿಂದ ಮಾತನಾಡಿಸುವಂತೆ. ಬೈದಿದ್ದರೆ ಮಗ ತಡೆದುಕೊಳ್ಳುತ್ತಿದ್ದ. ಈ ಮರ್ಯಾದೆಯನ್ನು ತಡೆಯಲಾರದೆ ಮನೆ ಬಿಟ್ಟು ಹೋಗುತ್ತಾನೆ. ಕೆಳಗೆ ಓಡುವ ಇಂಗ್ಲಿಷ್ ಬರಹದ 'ಯೂ' ಎಂಬ ಒಂದೇ ಮಾತಿಗೆ ಈ ಭಾರ ಹೊರಲು ಶಕ್ತಿಯಿಲ್ಲ.

ನನ್ನ ತಂಗಿಯ ಮಗಳು ಕೇಳಿದಳು: "ದೊಡ್ಡಮ್ಮಾ, ಇದನ್ನ ಕನ್ನಡದಲ್ಲಿ ಹೇಗೆ ಹೇಳೋದು? ಬಂಗಾಳಿಯಲ್ಲಾದ್ರೆ ತುಯಿ ಬಿಟ್ಟು ಆಪನಿ ಅಂದ ಹಾಗೆ."

"ನಮ್ಮಲ್ಲೂ ಕಷ್ಟವಿಲ್ಲವಮ್ಮ," ಎಂದೆ. "ಮಗ ಶಾಲೆಯಿಂದ ಬಂದಾಗ ಅಪ್ಪ 'ಬಂದೆಯೇನೋ' ಅನ್ನೋ ಬದಲು 'ಬನ್ನಿ, ಕೂತುಕೊಳ್ಳಿ' ಅಂದರೆ ಹೇಗಿರುತ್ತೆ ಹೇಳು."

ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಯ್ಯೋ, ಅದು ಹೊಡೆದದ್ದಕ್ಕಿಂತ ಹೆಚ್ಚು," ಎಂದಳು. ಬೀದಿಯಲ್ಲಿ ಬಂಗಾಳಿ, ಕಾಲೇಜಿನಲ್ಲಿ ಇಂಗ್ಲಿಷ್, ಗೆಳತಿಯರಲ್ಲಿ ಹಿಂದಿ ಆಡುವ ಮಗು. ಮನೆಯಲ್ಲಿ ಅವಳ ಕನ್ನಡ 'ಊಟ ಆಯ್ತು', 'ನಿದ್ದೆ ಬರ್ತಿದೆ' ಎಂಬಲ್ಲಿಗೆ ನಿಂತು ವರ್ಷಗಳಾಗಿದ್ದವು. ಆ ಸಂಜೆ ಒಂದು ಗಂಟೆಯ ಕಾಲ ಆ ತಂದೆಯದು ತಪ್ಪೋ, ಮಗನದೋ ಎಂದು ನನ್ನೊಡನೆ ವಾದಿಸಿದ್ದು ಕನ್ನಡದಲ್ಲಿ. ತಡವರಿಸಿದಳು, ಬಂಗಾಳಿ ಮಾತುಗಳನ್ನು ಬೆರೆಸಿದಳು, ಆದರೂ ಕನ್ನಡವೇ.

ನಮ್ಮಲ್ಲಿ ತಂದೆ ಮಕ್ಕಳ ನಡುವೆ 'ಕುನ್' ಇಲ್ಲ, ಸರಿ. ಆದರೆ ಬೆಂಗಳೂರಿಗೋ ಹೈದರಾಬಾದಿಗೋ ಉದ್ಯೋಗಕ್ಕೆ ಹೋದ ಮಗನೊಡನೆ ಭಾನುವಾರದ ಫೋನು, ಮಳೆ ಬಂತೆ, ಊಟವಾಯಿತೆ ಎಂಬಷ್ಟಕ್ಕೇ ಮುಗಿಯುವ ಮನೆಗಳು ಈ ಬೀದಿಗಳಲ್ಲಿ ಎಷ್ಟಿಲ್ಲ? ಅಲ್ಲಿ ಜಗಳವೂ ನಡೆದಿರುವುದಿಲ್ಲ. ಮನಸ್ಸಿನ ಮಾತಾಡುವ ಭಾಷೆಯನ್ನು ಇಬ್ಬರೂ ಕೂಡಿ ಬೆಳೆಸಲಿಲ್ಲ, ಅಷ್ಟೆ. ಮಕ್ಕಳು ಕಣ್ಣೀರು ಹಾಕಿ ನೋಡುವ ಕಥೆಯನ್ನು 'ಬೊಂಬೆಚಿತ್ರ' ಎಂದು ತಳ್ಳಿದಾಗ ನಾವು ಕಳೆದುಕೊಳ್ಳುವುದು ಆ ಮಾತಿನ ಅವಕಾಶವನ್ನು.

ಹಾಗಾದರೆ ಇದನ್ನು ಕನ್ನಡದಲ್ಲಿಯೇ ನೋಡಬಾರದೆ ಎನ್ನುವಿರಿ. ಕ್ಲ್ಯಾನಡಿನ ಮಾತು ಜಪಾನಿ, ಇಂಗ್ಲಿಷ್ ಅನುವಾದ ಅಮೆರಿಕೆಯ ಸೆಂಟೈ ಫಿಲ್ಮ್‌ವರ್ಕ್ಸ್ ಎಂಬವರದು. ಮೂಲ ಪುಸ್ತಕಕ್ಕೆ ಇಂಗ್ಲಿಷ್ ರೂಪ ಬರಲು 2015ರ ನವೆಂಬರ್ ಆಗಬೇಕಾಯಿತು. ಅದಕ್ಕಾಗಿ ಅಭಿಮಾನಿಗಳು ಮುಂಗಡವಾಗಿ ಕೂಡಿಸಿಕೊಟ್ಟ ಚಂದಾ 5 ಲಕ್ಷ 40 ಸಾವಿರ ಡಾಲರಿಗೂ ಮಿಕ್ಕಿತ್ತು. ಭಾರತದ ಭಾಷೆಗಳ ಮಾತಿಗೆ ಬಂದರೆ, 2025ರ ಸೆಪ್ಟೆಂಬರಿನಲ್ಲಿ ನಮ್ಮ ದೇಶದ ಚಿತ್ರಮಂದಿರಗಳಿಗೆ ಬಂದ 'ಡೀಮನ್ ಸ್ಲೇಯರ್' ಎಂಬ ಇನ್ನೊಂದು ಜಪಾನಿ ಚಿತ್ರ ಹಿಂದಿ, ತಮಿಳು, ತೆಲುಗುಗಳಲ್ಲಿ ಮಾತನಾಡಿತು, ಕನ್ನಡದಲ್ಲಿ ಆಡಲಿಲ್ಲ. ಡಬ್ಬಿಂಗನ್ನು ಕನ್ನಡ ಚಿತ್ರೋದ್ಯಮ 1960ರ ದಶಕದಿಂದ ಬಲವಾಗಿ ವಿರೋಧಿಸಿತು. ನಮ್ಮ ಕಲಾವಿದರ ಅನ್ನದ ಪ್ರಶ್ನೆ ಅದರಲ್ಲಿತ್ತು. 2015ರಲ್ಲಿ ಭಾರತದ ಸ್ಪರ್ಧಾ ಆಯೋಗವು ಅಂಥ ತಡೆ ಸಲ್ಲದೆಂದಿತು. ಬಾಗಿಲು ತೆರೆದಿದೆ, ಜಪಾನಿನ ಅತಿಥಿಗಳು ನಮ್ಮ ಮನೆಯೊಳಕ್ಕೆ ಇನ್ನೂ ಹೆಚ್ಚಾಗಿ ಬಂದಿಲ್ಲ. ಬರುವವರೆಗೆ ಹರಿಕಥೆಯ ದಾಸರ ಕೆಲಸವನ್ನು ಮನೆಯವರೇ ಮಾಡಬೇಕು.

ಕಥೆಯಲ್ಲಿ ಒಂದು ಹಾಡಿದೆ. ಮೊದಲ ಭಾಗದ ಕಂತುಗಳ ಕೊನೆಗೆ ಬರುವುದು. ಅದರ ಹೆಸರಿಗೆ 'ದಾಂಗೊಗಳ ದೊಡ್ಡ ಸಂಸಾರ' ಎಂದರ್ಥ. ದಾಂಗೊ ಎಂದರೆ ಅಕ್ಕಿ ಹಿಟ್ಟಿನ ಉಂಡೆ. ಪೌಷ ಸಂಕ್ರಾಂತಿಗೆ ನೆರೆಮನೆಯ ಬಂಗಾಳಿಗಳು ಕಳಿಸುವ ಪಿಠೆಯ ದೂರದ ನೆಂಟನೆನ್ನಬಹುದು, ಹೂರಣವಿಲ್ಲದ ನಮ್ಮ ಕಡುಬಿನ ಸೋದರನೆನ್ನಬಹುದು. ಮಾರ್ಕೆಟ್ಟಿನವರಿಗೆ ಇಂದಿಗೂ ನಾವೆಲ್ಲರೂ 'ಮದ್ರಾಜಿ'ಗಳೇ ಆಗಿರುವ ಈ ಊರಿನಲ್ಲಿ, ಒಂದೇ ಕಡ್ಡಿಗೆ ಅಂಟಿಕೊಂಡ ಉಂಡೆಗಳ ಸಂಸಾರ ನನಗೆ ಅಪರಿಚಿತವೆನಿಸಲಿಲ್ಲ.

ಈ ಚಿತ್ರ ಮಾಡಿದ ಕ್ಯೋಟೊ ಅನಿಮೇಷನ್ ಸಂಸ್ಥೆಗೆ 2019ರ ಜುಲೈ 18ರಂದು ದುಷ್ಟನೊಬ್ಬ ಬೆಂಕಿಯಿಟ್ಟು, 36 ಮಂದಿ ಪ್ರಾಣ ಕಳೆದುಕೊಂಡರು. ಸಂಸ್ಥೆ ಮತ್ತೆ ಎದ್ದು ನಿಂತು ಚಿತ್ರಗಳನ್ನು ಮಾಡುತ್ತಿದೆ. ನೋಡುವಾಗ ಆ ಕೈಗಳನ್ನೂ ನೆನೆಯುವುದು ಯೋಗ್ಯ.

ಇನ್ನು ತಾಯಂದಿರ ಪ್ರಶ್ನೆಗೆ ನೇರವಾದ ಉತ್ತರ. ಎಲ್ಲವನ್ನೂ ನೋಡಗೊಡಬೇಡಿ, ಎಲ್ಲವನ್ನೂ ತಡೆಯಲೂಬೇಡಿ. ವಿಷುಯಲ್ ನಾವೆಲ್‌ಗಳಲ್ಲಿ ದೊಡ್ಡವರಿಗೆಂದೇ ಬರೆದವು ಬಹಳ. ಇದೇ 'ಕೀ' ತಂಡದ 'ಕ್ಯಾನನ್' (1999), 'ಏರ್' (2000) ಮೊದಲು ಬಂದದ್ದು ವಯಸ್ಕರ ಪುಸ್ತಕಗಳಾಗಿ. ಕ್ಲ್ಯಾನಡ್ ಮಾತ್ರ ಮೊದಲಿನಿಂದಲೂ ಎಲ್ಲ ವಯಸ್ಸಿನವರಿಗೆ. 2006ರ 'ಹಿಗುರಾಶಿ'ಯಲ್ಲಿ ಮುದ್ದು ಮುಖದ ಮಕ್ಕಳನ್ನು ಕಂಡು ಮೋಸಹೋಗಬಾರದು; ಅದರೊಳಗಿರುವುದು ಕೊಲೆಯ ಕಥೆ. ಕ್ಲ್ಯಾನಡನ್ನು ನೋಡುವವರು ಮೊದಲು 2007ರ ಧಾರಾವಾಹಿ, ಬಳಿಕ ಆಫ್ಟರ್ ಸ್ಟೋರಿ, ಈ ಕ್ರಮವನ್ನು ತಪ್ಪಿಸಬಾರದು. ಹತ್ತು ಹನ್ನೆರಡರ ಮಕ್ಕಳಿಗೆ ಎರಡನೆಯ ಭಾಗದ ದುಃಖ ಹೆಚ್ಚಾಯಿತು. ಹೈಸ್ಕೂಲಿನವರ ಸಂಗಡ ನೀವೂ ಕೂತು ನೋಡಿ. ಮುಗಿದ ಮೇಲೆ ಉಪದೇಶ ಮಾಡಬೇಡಿ. ಆ ಕಥೆಯನ್ನು ಕನ್ನಡದಲ್ಲಿ ಹೇಳಿಸಿ ಕೇಳಿ.

ಸಂಘದ ಪದಾಧಿಕಾರಿಗಳಲ್ಲಿ ಒಂದು ವಿಜ್ಞಾಪನೆ: ಬರುವ ಸಂಕ್ರಾಂತಿಯ ಕೂಟದಲ್ಲಿ ಎಳ್ಳು ಬೆಲ್ಲ ಹಂಚುವ ಮುನ್ನ, ನಮ್ಮ ಹುಡುಗ ಹುಡುಗಿಯರು ತಮಗೆ ಮೆಚ್ಚಾದ ಯಾವುದಾದರೂ ಪರದೇಶದ ಕಥೆಯನ್ನು ತಲಾ ಹತ್ತು ನಿಮಿಷ ಕನ್ನಡದಲ್ಲಿ ಹೇಳುವಂತೆ ಏರ್ಪಡಿಸಬೇಕು. ಮಾತು ತಪ್ಪಿದರೆ ತಿದ್ದಬಾರದು. ಮಾತು ಸಿಕ್ಕದೆ ನಿಂತರೆ ಎದುರಿಗಿರುವ ಹಿರಿಯರು ಅದನ್ನು ಒದಗಿಸಿಕೊಡಬೇಕು. ಉಂಡೆ ಮಾಡಿ ತರುವ ಹೊಣೆ ನನ್ನದು.