ಗೊತ್ತಾಗುವ ಮುನ್ನವೇ ಮುಗಿಯುವ ಕೆಲಸ

ಮಾರ್ಚ್-ಏಪ್ರಿಲ್ ತಿಂಗಳು ಬಂತೆಂದರೆ ಚಿಕ್ಕಮಗಳೂರು ತಾಲ್ಲೂಕಿನ ಆಲ್ದೂರು ಸುತ್ತಮುತ್ತ ಎಲ್ಲರ ಕಣ್ಣೂ ಆಕಾಶದ ಕಡೆಗೆ. ಹೂಮಳೆ ಬಿದ್ದ ಎಂಟು-ಹತ್ತು ದಿನಕ್ಕೆ ಕಾಫಿ ತೋಟ ಬೆಳ್ಳಗಾಗುತ್ತದೆ. ಹೂವು ನಿಲ್ಲುವುದು ಕೆಲವೇ ದಿನ. ಅಷ್ಟರಲ್ಲಿ ಪರಾಗಸ್ಪರ್ಶ ನಡೆದು, ಹೂವಿನ ಅಂಡಾಶಯದಲ್ಲಿ ಕಾಯಿಯ ಆರಂಭ ಆಗಿಬಿಟ್ಟಿರುತ್ತದೆ. ಆಮೇಲೆ ವಾರಗಟ್ಟಲೆ ಕಾಣುವುದು ಗುಂಡುಸೂಜಿಯ ತಲೆಯಷ್ಟು ಹಸಿರು ಚುಕ್ಕೆ ಮಾತ್ರ. ಆ ಹೊತ್ತಿಗೆ ಇನ್ನೊಂದು ಹದ ಮಳೆ ಬೇಕು. ಅದು ತಪ್ಪಿದರೆ ಕಾಯಿ ಉದುರುತ್ತದೆ. ಏಪ್ರಿಲ್‌ನಲ್ಲಿ ಉದುರಿದ್ದು ಡಿಸೆಂಬರಿನ ಆರೈಕೆಯಿಂದ ಮರಳಿ ಬರುವುದಿಲ್ಲ ಎಂಬುದನ್ನು ಬೆಳೆಗಾರರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಮನುಷ್ಯನ ಗರ್ಭದ ವಿಷಯದಲ್ಲೂ ಮೊದಲ ಕೆಲವು ವಾರಗಳ ಮಹತ್ವ ಇಷ್ಟೇ ದೊಡ್ಡದು. ಆದರೆ ಆ ತಿಳಿವಳಿಕೆ ಎಷ್ಟೋ ಮನೆಗಳಿಗೆ ಇನ್ನೂ ತಲುಪಿಲ್ಲ. ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಹೂವಿನ ಪಾಠ ಮುಗಿದ ಕೂಡಲೇ ಮನುಷ್ಯನ ಸಂತಾನೋತ್ಪತ್ತಿಯ ಪಾಠ ಬರುತ್ತದೆ. ‘ಅಂಡಾಶಯ’ ಎಂಬ ಪದ ಎರಡರಲ್ಲೂ ಒಂದೇ. ಮೊದಲನೆಯದನ್ನು ಗಟ್ಟಿಯಾಗಿ ಓದುವ ಮಕ್ಕಳು ಎರಡನೆಯದಕ್ಕೆ ಬಂದಾಗ ತಲೆ ತಗ್ಗಿಸುತ್ತಾರೆ. ‘ಮನೆಯಲ್ಲಿ ಓದಿಕೊಳ್ಳಿ’ ಎಂದು ಪುಟ ಮಗುಚುವ ತರಗತಿಗಳೂ ಉಂಟು. ಮನೆಯಲ್ಲಿ ಅದನ್ನು ಯಾರೂ ಓದಿಸುವುದಿಲ್ಲ.

ಆ ಪುಟಗಳಲ್ಲಿ ನಾಚುವಂಥದ್ದು ಏನೂ ಇಲ್ಲ. ಹೆಣ್ಣಿನ ಕಿಬ್ಬೊಟ್ಟೆಯಲ್ಲಿ ಮುಷ್ಟಿಗಾತ್ರದ ಗರ್ಭಕೋಶ, ಅದರ ಎರಡೂ ಬದಿಗೆ 10-12 ಸೆಂಟಿಮೀಟರ್ ಉದ್ದದ ಅಂಡನಾಳಗಳು, ನಾಳದ ತುದಿಯ ಬಳಿ ಬಾದಾಮಿ ಆಕಾರದ ಅಂಡಾಶಯಗಳು. ಹೆಣ್ಣುಮಗು ಹುಟ್ಟುವಾಗಲೇ ಅದರ ಅಂಡಾಶಯಗಳಲ್ಲಿ ಲಕ್ಷಗಟ್ಟಲೆ ಎಳೆ ಅಂಡಗಳಿರುತ್ತವೆ. ಮುಟ್ಟು ಆರಂಭವಾದ ಮೇಲೆ ಸಾಮಾನ್ಯವಾಗಿ ತಿಂಗಳಿಗೊಂದರಂತೆ ಬಲಿತು ಹೊರಬರುತ್ತವೆ. ಆಯುಷ್ಯದಲ್ಲಿ ಹೀಗೆ ಹೊರಬರುವುದು ಸುಮಾರು 400 ಮಾತ್ರ. ಗಂಡಿನ ವೃಷಣಗಳು ದೇಹದ ಹೊರಗೆ ಚೀಲದಲ್ಲಿರುವುದಕ್ಕೂ ಕಾರಣವಿದೆ. ವೀರ್ಯಾಣುಗಳು ಸರಿಯಾಗಿ ತಯಾರಾಗಲು ಮೈಶಾಖಕ್ಕಿಂತ 2-3 ಡಿಗ್ರಿ ತಂಪು ಬೇಕು.

ಹೊರಬಂದ ಅಂಡದ ಆಯುಷ್ಯ ಸುಮಾರು ಒಂದು ದಿನ. ಅಷ್ಟರಲ್ಲಿ ಅಂಡನಾಳದಲ್ಲಿ ವೀರ್ಯಾಣು ಅದನ್ನು ಸೇರಿದರೆ ತಂದೆಯ 23, ತಾಯಿಯ 23 ವರ್ಣತಂತುಗಳು ಕೂಡಿ ಒಂದು ಕೋಶವಾಗುತ್ತದೆ. ಅದರ ಗಾತ್ರ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗ. ಆ ಕೋಶ ಎರಡಾಗಿ, ನಾಲ್ಕಾಗಿ, ಎಂಟಾಗಿ ಒಡೆಯುತ್ತ ನಾಳದಲ್ಲಿ ಸರಿದು, ಆರೇಳು ದಿನಕ್ಕೆ ಗರ್ಭಕೋಶದ ಒಳಪದರಕ್ಕೆ ಅಂಟಿಕೊಳ್ಳಲು ತೊಡಗುತ್ತದೆ. ಮೂರನೆಯ ವಾರದಲ್ಲಿ ಮೂರು ಪದರಗಳಾಗುತ್ತವೆ. ಹೊರಪದರದಿಂದ ಚರ್ಮ, ಮಿದುಳು, ನರಗಳು. ನಡುಪದರದಿಂದ ಮೂಳೆ, ಸ್ನಾಯು, ರಕ್ತ, ಹೃದಯ. ಒಳಪದರದಿಂದ ಕರುಳಿನ ಮತ್ತು ಶ್ವಾಸಕೋಶದ ಒಳಮೈ ರೂಪುಗೊಳ್ಳುತ್ತವೆ. ಸುಮಾರು 22ನೆಯ ದಿನ ಹೃದಯ ಮಿಡಿಯತೊಡಗುತ್ತದೆ.

ಅದೇ ದಿನಗಳಲ್ಲಿ ಬೆನ್ನಿನ ಮೇಲೆ ಇನ್ನೊಂದು ಕೆಲಸ ನಡೆದಿರುತ್ತದೆ. ಹೊರಪದರದ ಒಂದು ಪಟ್ಟಿ ಗುಳಿಬಿದ್ದು, ಅದರ ಎರಡು ಅಂಚುಗಳು ಎಲೆ ಸುರುಳಿ ಸುತ್ತಿದಂತೆ ಮೇಲೆದ್ದು ಕೂಡಿಕೊಂಡು ಕೊಳವೆಯಾಗುತ್ತದೆ. ಇದೇ ನರನಾಳ, ಮುಂದೆ ಮಿದುಳು ಮತ್ತು ಬೆನ್ನುಹುರಿ ಆಗುವುದು ಇದೇ. ಇದು ಪೂರ್ತಿ ಮುಚ್ಚಿಕೊಳ್ಳಬೇಕಾದದ್ದು 28ನೆಯ ದಿನದೊಳಗೆ. ಕೆಳಭಾಗ ತೆರೆದೇ ಉಳಿದರೆ ಸ್ಪೈನಾ ಬೈಫಿಡಾ ಎಂಬ ಬೆನ್ನಿನ ದೋಷ. ಅಂಥ ಮಗುವಿಗೆ ಕಾಲಿನ ಬಲ, ಮೂತ್ರದ ಹಿಡಿತ ಕುಂದಬಹುದು. ತಲೆಯ ಭಾಗ ತೆರೆದೇ ಉಳಿದರೆ ಮಗು ಬದುಕುವುದಿಲ್ಲ.

ಈಗ ಲೆಕ್ಕ ಹಾಕಬೇಕು. ಗರ್ಭ ಕಟ್ಟಿದ ಸುಮಾರು ಎರಡು ವಾರಕ್ಕೆ ಮುಟ್ಟು ತಪ್ಪುತ್ತದೆ. ‘ನಾಲ್ಕು ದಿನ ನೋಡೋಣ’ ಎಂದು ಕಾದು, ಮನೆಯಲ್ಲಿ ಹೇಳಿ, ಆಸ್ಪತ್ರೆಗೆ ಹೋಗುವಷ್ಟರಲ್ಲಿ ಇನ್ನೆರಡು ವಾರ ಕಳೆದಿರುತ್ತದೆ. ವೈದ್ಯರು ಕೊನೆಯ ಮುಟ್ಟಿನಿಂದ ಎಣಿಸುವುದರಿಂದ ‘ಆರು ವಾರ’ ಎನ್ನುತ್ತಾರೆ. ಆಗ ಭ್ರೂಣದ ನಿಜವಾದ ವಯಸ್ಸು ನಾಲ್ಕು ವಾರ. ನರನಾಳ ಮುಚ್ಚುವ ಕೆಲಸ ಅಂದಿಗೆ ಮುಗಿದಿರುತ್ತದೆ, ಸರಿಯಾಗಿಯೋ ತಪ್ಪಾಗಿಯೋ. ಆ ದಿನ ಬರೆದುಕೊಡುವ ಮಾತ್ರೆ ತಾಯಿಯ ರಕ್ತಕ್ಕೆ ಒಳ್ಳೆಯದು, ನರನಾಳಕ್ಕೆ ತಡವಾಯಿತು.

ಆ ಮಾತ್ರೆಯಲ್ಲಿರುವ ಫೋಲಿಕ್ ಆಮ್ಲದ ಕಥೆಯಲ್ಲಿ ನಮ್ಮ ದೇಶದ ದುಡಿಯುವ ಹೆಣ್ಣುಮಕ್ಕಳಿದ್ದಾರೆ. ಬಸುರಿಯರನ್ನು ಕಾಡುತ್ತಿದ್ದ ಒಂದು ಬಗೆಯ ರಕ್ತಹೀನತೆಯನ್ನು ಅಭ್ಯಸಿಸಲು ಇಂಗ್ಲೆಂಡಿನ ವೈದ್ಯೆ ಲೂಸಿ ವಿಲ್ಸ್ 1928ರಲ್ಲಿ ಮುಂಬಯಿಗೆ ಬಂದರು. ಅವರು ಗಮನಿಸಿದವರಲ್ಲಿ ಬಟ್ಟೆ ಗಿರಣಿಯ ಕೂಲಿ ಹೆಂಗಸರಿದ್ದರು. ಯೀಸ್ಟ್‌ನ ಸಾರ ತಿನ್ನಿಸಿದರೆ ಅವರು ಚೇತರಿಸಿಕೊಳ್ಳುತ್ತಾರೆಂದು 1931ರಲ್ಲಿ ಪ್ರಕಟಿಸಿದರು. ಅದರಲ್ಲಿದ್ದ ಅಂಶವನ್ನು 1941ರಲ್ಲಿ ಅಮೆರಿಕದ ವಿಜ್ಞಾನಿಗಳು ಪಾಲಕ್ ಸೊಪ್ಪಿನಿಂದ ಬೇರ್ಪಡಿಸಿ, ಲ್ಯಾಟಿನ್ನಿನಲ್ಲಿ ‘ಎಲೆ’ ಎಂಬರ್ಥದ ಪದದಿಂದ ಹೆಸರಿಟ್ಟರು. ನರನಾಳ ದೋಷದ ಗರ್ಭ ಒಮ್ಮೆ ಕಂಡಿದ್ದ 1,817 ಮಹಿಳೆಯರ ಮೇಲೆ ಏಳು ದೇಶಗಳಲ್ಲಿ ನಡೆದ ಪರೀಕ್ಷೆಯ ಫಲ 1991ರಲ್ಲಿ ಹೊರಬಿತ್ತು. ಗರ್ಭ ನಿಲ್ಲುವ ಮೊದಲೇ ಫೋಲಿಕ್ ಆಮ್ಲ ತೆಗೆದುಕೊಳ್ಳತೊಡಗಿದರೆ ದೋಷ ಮರುಕಳಿಸುವುದು ಶೇಕಡಾ 72ರಷ್ಟು ತಗ್ಗುತ್ತದೆಂದು ಅದು ತೋರಿಸಿತು.

ಮಗುವಿನ ಆಸೆ ಇರುವ ಹೆಣ್ಣು ಗರ್ಭ ನಿಲ್ಲುವ ಮೊದಲೇ ಆರಂಭಿಸಿ ಮೂರು ತಿಂಗಳು ತುಂಬುವವರೆಗೆ ದಿನಕ್ಕೆ 400 ಮೈಕ್ರೊಗ್ರಾಂ ಫೋಲಿಕ್ ಆಮ್ಲ ತೆಗೆದುಕೊಳ್ಳಬೇಕು. ಹಿಂದೆ ಇಂಥ ದೋಷದ ಗರ್ಭ ಆಗಿದ್ದವರಿಗೆ ಇದರ ಹತ್ತು ಪಟ್ಟು ಬೇಕಾಗುತ್ತದೆ. ಅದನ್ನು ವೈದ್ಯರೇ ನಿರ್ಧರಿಸಬೇಕು. ಪ್ರೌಢಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆಯ ಉದ್ದೇಶ ಬೇರೆ, ರಕ್ತಹೀನತೆ ತಡೆಯುವುದು. ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿ ರಕ್ತಹೀನತೆ ಉಳ್ಳವರೆಂದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿತು. ಆದ್ದರಿಂದ ಆ ಮಾತ್ರೆಯನ್ನು ಕಿಟಕಿಯಾಚೆ ಎಸೆಯಬಾರದು. ಕಾಫಿ ಸೀಮೆಯವರು ನೆನಪಿಡಬೇಕಾದ ಇನ್ನೊಂದು ಮಾತು: ಮಾತ್ರೆಯ ಜೊತೆಗೆ ಕಾಫಿ, ಚಹಾ ಕುಡಿದರೆ ಕಬ್ಬಿಣಾಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ. ಹರಿವೆ, ಬಸಳೆ, ನುಗ್ಗೆಸೊಪ್ಪು, ಹೆಸರುಕಾಳು, ಅಲಸಂದೆ ಊಟದಲ್ಲಿರಲಿ. ಸೊಪ್ಪು ಬೇಯಿಸಿದ ನೀರಿನಲ್ಲಿ ಫೋಲಿಕ್ ಅಂಶ ಇಳಿದಿರುತ್ತದೆ; ಅದನ್ನು ಚೆಲ್ಲದೆ ಬಸ್ಸಾರು ಮಾಡುವ ಪದ್ಧತಿ ಜಾಣತನದ್ದು. ಆದರೆ ಸೊಪ್ಪೊಂದನ್ನೇ ನಂಬಿ ಮಾತ್ರೆ ಬಿಡುವಂತಿಲ್ಲ.

ಈ ಪಾಠ ತಿಳಿಯದಿದ್ದರೆ ಆಗುವ ಇನ್ನೊಂದು ನಷ್ಟ, ತಪ್ಪಿಲ್ಲದವಳ ಮೇಲೆ ತಪ್ಪು ಹೊರಿಸುವುದು. ಸೀಳುತುಟಿಯ ಮಗು ಹುಟ್ಟಿದರೆ ತಾಯಿ ಗ್ರಹಣದ ದಿನ ಹೊರಗೆ ಬಂದಿದ್ದಳು, ಕತ್ತಿ ಮುಟ್ಟಿದ್ದಳು ಎನ್ನುವವರಿದ್ದಾರೆ. ಮೇಲ್ತುಟಿ ಕೂಡಿಕೊಳ್ಳುವ ಕೆಲಸ ಏಳನೆಯ ವಾರದ ಹೊತ್ತಿಗೇ ಮುಗಿದಿರುತ್ತದೆ. ಐದನೆಯ ತಿಂಗಳಲ್ಲಿ ಬಂದ ಗ್ರಹಣ ಅದನ್ನು ಸೀಳುವುದು ಹೇಗೆ? ಹೆಣ್ಣುಮಗುವಾಯಿತೆಂದು ಸೊಸೆಯನ್ನು ದೂರುವುದೂ ಹೀಗೆಯೇ. ತಾಯಿ ಕೊಡುವುದು ಯಾವಾಗಲೂ ಎಕ್ಸ್ ವರ್ಣತಂತು. ತಂದೆಯಿಂದ ಎಕ್ಸ್ ಬಂದರೆ ಹೆಣ್ಣು, ವೈ ಬಂದರೆ ಗಂಡು. ನರನಾಳ ದೋಷಕ್ಕೂ ಎಲ್ಲ ಸಲ ಫೋಲಿಕ್ ಆಮ್ಲದ ಕೊರತೆಯೇ ಕಾರಣವಲ್ಲ. ಎಲ್ಲ ಎಚ್ಚರ ವಹಿಸಿದ ತಾಯಿಗೂ ಅದು ಒದಗಬಹುದು. ಅಂಥ ಮನೆಗೆ ಬೇಕಾದದ್ದು ಚಿಕಿತ್ಸೆ ಮತ್ತು ಆಸರೆ.

ಹುಡುಗಿಯರು ಮಾತ್ರ ಓದಿದರೆ ಸಾಲದು. ನಾಳೆ ಗಂಡನಾಗುವವನು, ಮಾವನಾಗುವವನು, ಔಷಧಿ ಅಂಗಡಿಗೆ ಹೋಗಿ ಮಾತ್ರೆ ತರಬೇಕಾದವನು ಅದೇ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತಿರುತ್ತಾನೆ. ಮಗ ಅಥವಾ ಮಗಳು ಆ ಪುಟ ತೆರೆದಾಗ ತಂದೆತಾಯಿ ಎದ್ದು ಹೋಗದೆ ಪಕ್ಕದಲ್ಲಿ ಕುಳಿತು, ಚಿತ್ರದ ಭಾಗಗಳ ಹೆಸರು ಕೇಳಿ, 28ನೆಯ ದಿನದ ಲೆಕ್ಕವನ್ನು ಒಮ್ಮೆ ಒಟ್ಟಿಗೆ ಹಾಕಿದರೆ ಸಾಕು. ಪರೀಕ್ಷೆಗೂ ಆಯಿತು, ಮುಂದಿನ ಬದುಕಿಗೂ ಆಯಿತು.