ಊರ ಪಕ್ಕದ ಬೆಟ್ಟವನ್ನು ಓದುವುದು

ವರ್ಷಕ್ಕೊಮ್ಮೆ ನಮ್ಮ ಪ್ರೌಢಶಾಲೆಗಳೂ ಕಾಲೇಜುಗಳೂ ಪ್ರವಾಸವನ್ನು ಏರ್ಪಡಿಸುವುದು ರೂಢಿ. ವಿದ್ಯಾರ್ಥಿಗಳು ರಾತ್ರಿಯೆಲ್ಲ ಬಸ್ಸಿನಲ್ಲಿ ತೂಕಡಿಸಿ, ದೂರದ ಅಣೆಕಟ್ಟನ್ನೋ ಅರಮನೆಯನ್ನೋ ಜಲಪಾತವನ್ನೋ ನೋಡಿ ಹಿಂದಿರುಗುತ್ತಾರೆ. ಇದು ಬೇಡವೆಂದು ನಾವು ಹೇಳುವುದಿಲ್ಲ. ಆದರೆ ತರಗತಿಯ ಕಿಟಕಿಯಿಂದಲೇ ಕಾಣುವ ಬೆಟ್ಟವು ಯಾವ ಕಲ್ಲಿನಿಂದಾದುದು, ಅದು ಅಲ್ಲಿ ಏಕೆ ನಿಂತಿದೆ ಎಂದು ಕೇಳಿದರೆ ಆ ವಿದ್ಯಾರ್ಥಿಗಳಲ್ಲಿ ಉತ್ತರ ಹೇಳಬಲ್ಲವರು ವಿರಳ. ಹಾಗೆ ಕೇಳಬೇಕೆಂದು ನಮಗೂ ಬಹುಕಾಲ ತೋರಿರಲಿಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು. ವಿಜ್ಞಾನದ ಮೊದಲ ಪ್ರವಾಸವು ಊರ ಪಕ್ಕದ ಬೆಟ್ಟಕ್ಕೇ ಆಗಬೇಕು ಎಂಬುದು ನಮ್ಮ ಅಭಿಪ್ರಾಯ.

ಬೆಂಗಳೂರಿನಿಂದ ಮೈಸೂರಿನ ಕಡೆಗೆ ಸುಮಾರು 50 ಕಿಲೋಮೀಟರು ಸಾಗಿದರೆ ಸಿಗುವ ರಾಮನಗರವನ್ನೇ ತೆಗೆದುಕೊಳ್ಳೋಣ. ಊರಿನ ಸುತ್ತಲೂ ಬಂಡೆಬೆಟ್ಟಗಳು. ಈ ಊರಿನ ಹೆಸರೆತ್ತಿದೊಡನೆ ಜನರಿಗೆ ನೆನಪಾಗುವುದು ರೇಷ್ಮೆಗೂಡಿನ ಮಾರುಕಟ್ಟೆ, ಇಲ್ಲವೆ 1975ರಲ್ಲಿ ತೆರೆಕಂಡ ‘ಶೋಲೆ’ ಚಲನಚಿತ್ರ. ಭೂವಿಜ್ಞಾನಿಗಳಿಗೆ ನೆನಪಾಗುವುದು ಬೇರೊಂದು ಹೆಸರು. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಬ್ಯಾರಿ ಕ್ಲೋಸ್ ಎಂಬಾತನಿಂದಾಗಿ ಈ ಊರಿಗೆ ಹಿಂದೆ ಕ್ಲೋಸ್‌ಪೇಟೆ ಎಂಬ ಹೆಸರಿದ್ದಿತು. ಊರು ಆ ಹೆಸರನ್ನು ಎಂದೋ ಕಳಚಿಹಾಕಿತು. 2025ರಲ್ಲಿ ಜಿಲ್ಲೆಯ ಹೆಸರೂ ಬೆಂಗಳೂರು ದಕ್ಷಿಣವೆಂದು ಬದಲಾಯಿತು. ಕಲ್ಲು ಮಾತ್ರ ತನ್ನ ಹಳೆಯ ಹೆಸರನ್ನು ಬಿಟ್ಟಿಲ್ಲ. ಸುಮಾರು 20 ಕಿಲೋಮೀಟರು ಅಗಲ, 400 ಕಿಲೋಮೀಟರು ಉದ್ದಕ್ಕೆ ದಕ್ಷಿಣೋತ್ತರವಾಗಿ ಹಬ್ಬಿರುವ ಈ ಶಿಲಾಪಟ್ಟಿಯನ್ನು ಪ್ರಪಂಚದ ಭೂವಿಜ್ಞಾನ ಗ್ರಂಥಗಳು ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟು ಎಂದೇ ಕರೆಯುತ್ತವೆ. ಇದರ ವಯಸ್ಸು ಸುಮಾರು 250 ಕೋಟಿ ವರ್ಷ. ಹೊರದೇಶದ ವಿದ್ವಾಂಸರು ಅರಸಿ ಬರುವ ಈ ಕಲ್ಲನ್ನು ಆ ಊರಿನ ಹುಡುಗನು ಸಿನಿಮಾದ ಬಂಡೆಯೆಂದಷ್ಟೇ ತಿಳಿದು ಬೆಳೆಯುವುದು ಸರಿಯೆ?

ಓದುವುದಕ್ಕೆ ಇಲ್ಲಿ ದೊಡ್ಡ ಉಪಕರಣಗಳೇನೂ ಬೇಡ. ಒಂದು ಭೂತಗನ್ನಡಿ, ಒಂದು ಟಿಪ್ಪಣಿ ಪುಸ್ತಕ ಸಾಕು. ಹೊಸದಾಗಿ ಒಡೆದ ಚೂರೊಂದನ್ನು ಕೈಗೆತ್ತಿಕೊಂಡು ನೋಡಿದರೆ ಮೂರು ಬಗೆಯ ಕಣಗಳು ಕಾಣುತ್ತವೆ. ಗುಲಾಬಿ ಅಥವಾ ಬೂದುಬಿಳುಪಿನ, ಬೆಳಕಿಗೆ ಹಿಡಿದಾಗ ಚಪ್ಪಟೆ ಮುಖ ಹೊಳೆಯುವ ದೊಡ್ಡ ಹರಳುಗಳು ಫೆಲ್ಡ್‌ಸ್ಪಾರ್. ಗಾಜಿನ ಚೂರಿನಂತಿರುವುದು ಬೆಣಚು. ಕಪ್ಪಾಗಿ ಮಿನುಗುವುದು ಅಭ್ರಕ. ಕೆಲವು ಬಂಡೆಗಳಲ್ಲಿ ಫೆಲ್ಡ್‌ಸ್ಪಾರ್ ಹರಳು ಹೆಬ್ಬೆರಳಿನಷ್ಟು ಉದ್ದವಿರುವುದುಂಟು. ಹರಳು ಇಷ್ಟು ದೊಡ್ಡದಾಗಿ ಬೆಳೆಯಬೇಕಾದರೆ ಕರಗಿದ ಶಿಲಾರಸವು ಬಹು ನಿಧಾನವಾಗಿ ಆರಿರಬೇಕು. ನಿಧಾನವಾಗಿ ಆರಬೇಕಾದರೆ ಅದು ನೆಲದೊಳಗೆ ಹಲವಾರು ಕಿಲೋಮೀಟರು ಆಳದಲ್ಲಿ, ದಪ್ಪನೆಯ ಹೊದಿಕೆಯ ಕೆಳಗೆ ಇದ್ದಿರಬೇಕು. ಹಾಗಾದರೆ ಆ ಹೊದಿಕೆ ಎಲ್ಲಿ ಹೋಯಿತು? ಮಳೆ, ಗಾಳಿ, ಬಿಸಿಲು ಅದನ್ನು ಕೋಟ್ಯಂತರ ವರ್ಷಗಳಲ್ಲಿ ಸವೆಸಿ ಸಮುದ್ರಕ್ಕೆ ಸಾಗಿಸಿದವು. ನಾವು ಶಿಖರವೆಂದು ಹತ್ತುವುದು ವಾಸ್ತವವಾಗಿ ಭೂಮಿಯ ಪಾತಾಳದ ಒಂದು ತುಂಡು. ಕೈಯಲ್ಲಿರುವ ಚೂರಿನ ಹರಳೊಂದರಿಂದ ಇಷ್ಟು ದೂರ ತರ್ಕಿಸಿ ಬರುವ ಸಂತೋಷವನ್ನು ಯಾವ ಪಠ್ಯಪುಸ್ತಕದ ಚಿತ್ರವೂ ಕೊಡಲಾರದು.

ಮೇಲಿನ ಭಾರ ಇಳಿದಂತೆಲ್ಲ ಕೆಳಗೆ ಅದುಮಿಹೋಗಿದ್ದ ಶಿಲೆ ತುಸು ಹಿಗ್ಗುತ್ತದೆ. ಹಿಗ್ಗಿ ಈರುಳ್ಳಿಯ ಸಿಪ್ಪೆಯಂತೆ ಪದರ ಪದರವಾಗಿ ಬಿರುಕು ಬಿಡುತ್ತದೆ. ಬೆಟ್ಟಗಳ ಬೋಳು ತಲೆ ಗುಮ್ಮಟದಂತೆ ದುಂಡಗಿರುವುದಕ್ಕೆ ಇದು ಮುಖ್ಯ ಕಾರಣ. ಬೆಂಗಳೂರು ಸೀಮೆಯ ಕಲ್ಲುಕುಟಿಗರು ಈ ಗುಣವನ್ನು ಯಾವ ಪುಸ್ತಕವನ್ನೂ ಓದದೆ ಬಲ್ಲವರಾಗಿದ್ದರು. ಬಂಡೆಯ ಮೇಲೆ ಸೌದೆಯ ಬೆಂಕಿಯನ್ನು ಹಾಕಿ ಮೆಲ್ಲಗೆ ಸರಿಸುತ್ತ ಹೋದರೆ ಕಾದ ಪದರ ಹಿಗ್ಗಿ, ಕೆಳಗಿನ ಕಲ್ಲಿನಿಂದ ಬಿಡಿಸಿಕೊಂಡು ಮೇಲೇಳುತ್ತದೆ. ದೊಡ್ಡ ಹಾಸುಗಲ್ಲುಗಳನ್ನು ಅವರು ಎಬ್ಬಿಸುತ್ತಿದ್ದುದು ಹೀಗೆ. ಉಷ್ಣದಿಂದ ಘನವಸ್ತುಗಳು ಹಿಗ್ಗುತ್ತವೆ ಎಂಬ ಪಾಠಕ್ಕೆ ಲೋಹದ ಗುಂಡು ಮತ್ತು ಬಳೆಯ ಪ್ರಯೋಗವನ್ನು ತೋರಿಸುವ ಉಪಾಧ್ಯಾಯರು ಇದನ್ನೂ ಹೇಳಬಾರದೇಕೆ?

ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಬೆರೆತ ಮಳೆನೀರು ತೀರ ಸೌಮ್ಯವಾದ ಆಮ್ಲ. ಅದು ಬಿರುಕುಗಳಲ್ಲಿಳಿದು ಫೆಲ್ಡ್‌ಸ್ಪಾರನ್ನು ಮೆಲ್ಲಮೆಲ್ಲನೆ ಜೇಡಿಮಣ್ಣಾಗಿ ಮಾಡುತ್ತದೆ. ಬೆಣಚು ಅದಕ್ಕೆ ಬಗ್ಗದೆ ಮರಳಾಗಿ ಉಳಿಯುತ್ತದೆ. ಊರಿನ ಪಕ್ಕದಲ್ಲಿ ಹರಿಯುವ ಅರ್ಕಾವತಿಯ ಮರಳನ್ನು ಭೂತಗನ್ನಡಿಯಲ್ಲಿ ನೋಡಿದವರಿಗೆ ಬೆಟ್ಟದ ಚೂರಿನಲ್ಲಿ ಕಂಡ ಅದೇ ಗಾಜುಕಣಗಳು ಮತ್ತೆ ಕಾಣುತ್ತವೆ. ಬಂಡೆಗೆ ಅಂಟಿಕೊಂಡ ಕಲ್ಲುಹೂವು ಕೂಡ ಈ ಸವೆತಕ್ಕೆ ತನ್ನ ಕಾಣಿಕೆಯನ್ನು ಸಲ್ಲಿಸುತ್ತದೆ.

ಇಷ್ಟೆಲ್ಲವನ್ನೂ ಬಿಟ್ಟು ತುದಿಯನ್ನು ಮುಟ್ಟಿದೊಡನೆ ಭಾವಚಿತ್ರ ತೆಗೆದು ‘ಬೆಟ್ಟವನ್ನು ಗೆದ್ದೆವು’ ಎನ್ನುವುದು ಈಗಿನ ವಾಡಿಕೆ. ಆ ಮಾತು ನಮಗೆ ಹಿಡಿಸುವುದಿಲ್ಲ. ಗೆಲ್ಲುವುದೇನೋ ನಡೆದಿದೆ, ಆದರೆ ಬೇರೊಂದು ಅರ್ಥದಲ್ಲಿ. ಈ ಸುತ್ತಿನ ಕೆಲವು ಗುಡ್ಡಗಳನ್ನು ಕಲ್ಲುಗಣಿಗಳು ಕೊರೆದುಹಾಕಿವೆ. ಮನೆಗೂ ರಸ್ತೆಗೂ ಕಲ್ಲು ಬೇಕೆಂಬುದನ್ನು ನಾವು ಬಲ್ಲೆವು. ಆದರೆ ಯಾವ ಗುಡ್ಡವನ್ನು ಒಡೆಯಬಹುದು, ಯಾವುದನ್ನು ಉಳಿಸಬೇಕು ಎಂದು ಮುಂದೆ ನಿರ್ಧರಿಸಬೇಕಾದವರು ಇಂದಿನ ವಿದ್ಯಾರ್ಥಿಗಳೇ. ಓದಿ ನೋಡದ ಪುಸ್ತಕವನ್ನು ರದ್ದಿಗೆ ಹಾಕಲು ಯಾರಿಗೂ ಕೈ ನಡುಗುವುದಿಲ್ಲ.

ರಾಮದೇವರ ಬೆಟ್ಟದ ಕಡಿದಾದ ಬಂಡೆಗಳ ಮೇಲೆ ಸುಣ್ಣ ಬಳಿದಂತೆ ಬಿಳಿಯ ಗೆರೆಗಳನ್ನು ಕಾಣಬಹುದು. ಅವು ರಣಹದ್ದುಗಳ ಹಿಕ್ಕೆಯ ಗುರುತು. ಉದ್ದಕೊಕ್ಕಿನ ರಣಹದ್ದು ಇಂಥ ಬಂಡೆಯ ಚಾಚುಗಳಲ್ಲಿಯೇ ಗೂಡು ಕಟ್ಟಿ ವರ್ಷಕ್ಕೆ ಒಂದೇ ಮೊಟ್ಟೆಯಿಡುತ್ತದೆ. 1990ರ ದಶಕದಲ್ಲಿ ಭಾರತದ ರಣಹದ್ದುಗಳು ಲಕ್ಷೋಪಲಕ್ಷವಾಗಿ ಸತ್ತವು. ದನಗಳಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಎಂಬ ನೋವುನಿವಾರಕವೇ ಕಾರಣವೆಂದು 2004ರಲ್ಲಿ ಗೊತ್ತಾಯಿತು. ಆ ಮದ್ದು ಉಳಿದಿದ್ದ ಹೆಣವನ್ನು ತಿಂದ ಹಕ್ಕಿಯ ಮೂತ್ರಪಿಂಡಗಳು ಕೆಟ್ಟುಹೋಗುತ್ತಿದ್ದವು. ಪಶುಚಿಕಿತ್ಸೆಯಲ್ಲಿ ಅದರ ಬಳಕೆಯನ್ನು 2006ರಲ್ಲಿ ನಿಷೇಧಿಸಲಾಯಿತು. 2012ರಲ್ಲಿ ಈ ಬೆಟ್ಟದ ಸುತ್ತಿನ ಸುಮಾರು 346 ಹೆಕ್ಟೇರು ಪ್ರದೇಶವು ರಣಹದ್ದುಗಳ ಧಾಮವೆಂದು ಘೋಷಿತವಾಯಿತು. ಆದರೂ ಇಲ್ಲಿ ಉಳಿದಿರುವ ಹಕ್ಕಿಗಳು ಕೈಬೆರಳಿನಿಂದ ಎಣಿಸುವಷ್ಟೇ. ಅವು ಗೂಡಿನಲ್ಲಿರುವಾಗ ಕೆಳಗೆ ನಿಂತು ಕೂಗುವುದು, ಹಾಡು ಹಾಕುವುದು ತುಂಟತನವಲ್ಲ, ಅಪರಾಧ.

ಬೆಟ್ಟವೆಂದರೆ ಅಪಾಯ, ಮಕ್ಕಳನ್ನು ಹೇಗೆ ಕರೆದೊಯ್ಯುವುದು ಎಂದು ಶಾಲೆಯವರು ಹಿಂಜರಿಯುವುದುಂಟು. ಅದು ಸಕಾರಣವಾದ ಹಿಂಜರಿಕೆ. ಮಳೆಯಲ್ಲಿ ನೆನೆದ ಬಂಡೆ ಜಾರುತ್ತದೆ. ಹೆಜ್ಜೇನು ಕೆರಳಿದರೆ ಓಡಲು ದಾರಿಯಿರುವುದಿಲ್ಲ. ಈ ಬೆಟ್ಟಗಳಲ್ಲಿ ಕರಡಿಯೂ ಚಿರತೆಯೂ ಇವೆ. ಆದುದರಿಂದ ಅರಣ್ಯ ಇಲಾಖೆಯ ಅನುಮತಿ ಪಡೆದು, ಮೆಟ್ಟಿಲುದಾರಿ ಬಿಡದೆ, ಹೊತ್ತೇರಿದ ಮೇಲೆ ಹತ್ತಿ, ಸಂಜೆಗೆ ಮುನ್ನ ಇಳಿಯತಕ್ಕದ್ದು. ಕಲ್ಲಿನ ಚೂರನ್ನು ಧಾಮದೊಳಗಿಂದ ತರಬಾರದು. ಊರಿನಲ್ಲಿ ಕಲ್ಲುಕೆಲಸ ನಡೆಯುವೆಡೆ ಬೇಕಾದಷ್ಟು ಸಿಗುತ್ತದೆ.

ಹತ್ತುವಾಗ ಮಾಡಬಹುದಾದ ಒಂದು ಅಳತೆಯನ್ನು ಹೇಳಿಬಿಡುತ್ತೇವೆ. ಹತ್ತೊಂಬತ್ತನೆಯ ಶತಮಾನದ ಮೊದಲ ದಶಕದಲ್ಲಿ ವಿಲಿಯಂ ಲ್ಯಾಂಬ್ಟನ್ ದಕ್ಷಿಣ ಭಾರತವನ್ನು ತ್ರಿಕೋನಗಳಿಂದ ಅಳೆದಾಗ ಮಾಗಡಿಯ ಬಳಿಯ ಸಾವನದುರ್ಗವನ್ನೂ ಒಂದು ನೆಲೆಯಾಗಿ ಆರಿಸಿಕೊಂಡಿದ್ದನು. ಅವನ ದೊಡ್ಡ ಕೋನಮಾಪಕ ಅರ್ಧ ಟನ್ನಿನಷ್ಟು ಭಾರವಿದ್ದಿತು. ಇಂದು ಅನೇಕ ಮೊಬೈಲು ಫೋನುಗಳಲ್ಲೇ ವಾಯುಭಾರಮಾಪಕ ಅಡಗಿದೆ. ಈ ಎತ್ತರದ ಪ್ರದೇಶದಲ್ಲಿ ಸುಮಾರು 9 ಮೀಟರು ಏರಿದರೆ ವಾಯುವಿನ ಒತ್ತಡ ಒಂದು ಹೆಕ್ಟೊಪ್ಯಾಸ್ಕಲ್ ಇಳಿಯುತ್ತದೆ. ಬುಡದಲ್ಲಿ ಮತ್ತು ತುದಿಯಲ್ಲಿ ಓದಿದ ಅಂಕಿಗಳ ವ್ಯತ್ಯಾಸವನ್ನು ಒಂಬತ್ತರಿಂದ ಗುಣಿಸಿದರೆ ಬೆಟ್ಟದ ಎತ್ತರ ದೊರೆಯುತ್ತದೆ. ಆದರೆ ಒಂದು ಎಚ್ಚರಿಕೆ: ನಮ್ಮ ನಾಡಿನಲ್ಲಿ ಒತ್ತಡವು ಬೆಳಗ್ಗೆ ಹತ್ತರ ಸುಮಾರಿಗೆ ಏರಿ, ಸಂಜೆ ನಾಲ್ಕರ ಹೊತ್ತಿಗೆ ಕೆಲವು ಹೆಕ್ಟೊಪ್ಯಾಸ್ಕಲ್‌ಗಳಷ್ಟು ತಾನಾಗಿಯೇ ಇಳಿಯುತ್ತದೆ. ಮೂರು ಇಳಿದರೂ ಬೆಟ್ಟ 27 ಮೀಟರು ಬೆಳೆದಂತಾಗುವುದು. ಆದುದರಿಂದ ಒಬ್ಬ ವಿದ್ಯಾರ್ಥಿಯು ಬುಡದಲ್ಲಿಯೇ ಕುಳಿತು ಕಾಲು ಗಂಟೆಗೊಮ್ಮೆ ಒತ್ತಡವನ್ನು ಬರೆದಿಟ್ಟುಕೊಳ್ಳುತ್ತಿರಬೇಕು. ಮೇಲೆ ಹೋದವರು ತಮ್ಮ ಅಂಕಿಯ ಪಕ್ಕದಲ್ಲಿ ಗಡಿಯಾರದ ಹೊತ್ತನ್ನು ಗುರುತಿಸಿಕೊಂಡು ಬರಬೇಕು.