ಅವಳಿಗೆ ಅವಳದ್ದೇ ಹೆಸರಿದೆ ಕಣ್ರೀ

ಈ ಸಲ ಸ್ವಲ್ಪ ಜಗಳದ ಮಾತೇ ಬರೀತಿದೀನಿ, ಬೇಜಾರು ಮಾಡ್ಕೋಬೇಡಿ. ಉಪ್ಪಿನಕಾಯಿ ವಿಷಯ ಮುಂದಿನ ವಾರಕ್ಕಿರಲಿ. ಯಾವಳಾದ್ರೂ ಒಬ್ಬ ಹುಡುಗಿ ಚೆನ್ನಾಗಿ ಆಡಿದ್ಲು ಅಂದ್ರೆ ಸಾಕು, "ಲೇಡಿ ಕೊಹ್ಲಿ", "ಲೇಡಿ ಸಚಿನ್" ಅಂತ ಪಟ್ಟ ಕಟ್ತೀವಲ್ಲ, ಆ ಅಭ್ಯಾಸ ಬಿಡಬೇಕು ಅನ್ನೋದು ನನ್ನ ವಾದ. ಟಿ.ವಿ.ಯವರು ಹಾಗೇ ಅಂತಾರೆ, ಅದು ಅವರ ಹೊಟ್ಟೆಪಾಡು. ಆದ್ರೆ ನಾವು ಹೆಂಗಸರೇ ಸೊಪ್ಪು ಬಿಡಿಸ್ತಾ ಕೂತು ಅದನ್ನೇ ಹೇಳ್ತೀವಲ್ಲ, ನನಗೆ ಸಿಟ್ಟು ಬರೋದು ಅದಕ್ಕೆ.

2024ರ ಮಾರ್ಚ್ 17 ನೆನಪಿದೆ ತಾನೆ? ಡೆಲ್ಲಿಯಲ್ಲಿ ಫೈನಲ್. ನಮ್ಮ ಆರ್‌ಸಿಬಿ ಹುಡುಗೀರು ಡೆಲ್ಲಿಯವರನ್ನ 113ಕ್ಕೆ ಮುಗಿಸಿ, ಎರಡೇ ವಿಕೆಟ್ ಕಳ್ಕೊಂಡು ಕಪ್ ಎತ್ತಿದ್ರು. ಸ್ಮೃತಿ ಮಂಧಾನ "ಈ ಸಲ ಕಪ್ ನಮ್ದು" ಅಂತ ಕನ್ನಡದಲ್ಲೇ ಅಂದ್ಲು. ವಿಜಯನಗರದಲ್ಲಿ, ನಮ್ಮ ಬಸವೇಶ್ವರನಗರದಲ್ಲಿ ರಾತ್ರಿ ಪಟಾಕಿ ಹೊಡೆದದ್ದು ಕೇಳಿಸ್ತು. ಸಂತೋಷ. ಬೆಳಗಾದ್ಮೇಲೆ ಮಾತೆಲ್ಲ ಯಾರದು? ಗಂಡುಹುಡುಗರದು! "16 ವರ್ಷ ಗಂಡಸರ ಕೈಲಿ ಆಗದ್ದು ಇವರು ಎರಡನೇ ವರ್ಷಕ್ಕೇ ಮಾಡಿಬಿಟ್ರು ನೋಡಿ" ಅಂತ. ಗೆದ್ದ ಹುಡುಗೀರ ಗೆಲುವೂ ಸೋತ ಹುಡುಗರನ್ನ ಆಡ್ಕೊಳ್ಳೋಕೆ ಒಂದು ನೆಪ ಆಯ್ತು. ಅದರ ಜೊತೆಗೆ ಜರ್ಸಿ ನಂಬರ್ ಪುರಾಣ ಬೇರೆ. ಕೊಹ್ಲಿದೂ 18, ಸ್ಮೃತಿದೂ 18, ಹಾಗಾಗಿ ಇವಳು ಹೆಣ್ಣು ಕೊಹ್ಲಿ! ಅಯ್ಯೋ, ಆ ಹುಡುಗಿ ಹುಟ್ಟಿದ್ದು ಜುಲೈ 18ಕ್ಕೆ ಕಣ್ರೀ. ಹುಟ್ಟುಹಬ್ಬದ ನಂಬರ್ ಹಾಕ್ಕೊಂಡ್ರೂ ಅದು ಯಾರೋ ಗಂಡಸಿಂದ ಬಂದದ್ದೇ ಆಗಬೇಕಾ?

ಆ ಫೈನಲ್‌ನಲ್ಲಿ 12 ರನ್ ಕೊಟ್ಟು 4 ವಿಕೆಟ್ ತೆಗೆದವಳು ನಮ್ಮ ಬೆಂಗಳೂರಿನ ಹುಡುಗಿ, ಶ್ರೇಯಾಂಕಾ ಪಾಟೀಲ್. ಆಗ ಅವಳಿಗೆ 21 ವರ್ಷ. ಇಡೀ ಟೂರ್ನಮೆಂಟಿನಲ್ಲಿ 13 ವಿಕೆಟ್, ಎಲ್ಲರಿಗಿಂತ ಹೆಚ್ಚು, ನೇರಳೆ ಟೋಪಿ ಅವಳ ತಲೆಗೇ ಬಂತು. ನಮ್ಮ ಎಷ್ಟು ಜನಕ್ಕೆ ಅವಳ ಹೆಸರು ಗೊತ್ತಿತ್ತು ಹೇಳಿ?

ನಾನು ಹೋಲಿಸೋದೇ ತಪ್ಪು ಅಂತಿಲ್ಲ. ಸಂತೇಲಿ ಬದನೆಕಾಯಿ ತಗೊಳ್ಳೋವಾಗಲೂ ನಾಲ್ಕು ಕಡೆ ನೋಡ್ತೀವಿ. ಆದ್ರೆ ಬದನೆಕಾಯಿನ ಬದನೆಕಾಯಿ ಜೊತೆಗೇ ನೋಡೋದು ತಾನೆ? ಗಂಡುಹುಡುಗರಿಗೆ ನಾವು ಹಾಗೇ ಮಾಡ್ತೀವಿ. ಭದ್ರಾವತಿಯ ಜಿ.ಆರ್. ವಿಶ್ವನಾಥ್ ಆಮೇಲೆ ದ್ರಾವಿಡ್, ದ್ರಾವಿಡ್ ಆಮೇಲೆ ಕೆ.ಎಲ್. ರಾಹುಲ್. "ವಿಶ್ವನಾಥ್ ಸ್ಕ್ವೇರ್ ಕಟ್ ಮುಂದೆ ಇವರದ್ದೆಲ್ಲ ಏನು" ಅಂತ ನಮ್ಮ ಮಾವನವರ ಕಾಲದವರು ಅಂದ್ರೆ, "ದ್ರಾವಿಡ್ ಟೆಸ್ಟಲ್ಲಿ 13,288 ರನ್ ಹೊಡೆದಿದಾನೆ, ಸುಮ್ನಿರಿ" ಅಂತ ಮಕ್ಕಳು ಜಗಳಕ್ಕೆ ನಿಲ್ತಾರೆ. ಅದು ಚೆಂದದ ಜಗಳ. ಹಳಬರ ಹೆಸರೂ ಉಳಿಯುತ್ತೆ, ಹೊಸಬರಿಗೂ ಒಂದು ಮನೆತನ ಸಿಗುತ್ತೆ. ಹುಡುಗರಿಗೆ ಹೀಗೊಂದು ವಂಶಾವಳಿ ಇದೆ. ಹುಡುಗೀರಿಗೆ ಮಾತ್ರ ಪ್ರತಿಯೊಬ್ಬಳಿಗೂ ಪಕ್ಕದ ಮನೆಯಿಂದ ಹೆಸರು ಕಡ ತರ್ತೀವಿ.

ನಮ್ಮನೇಲಿ ಇಲ್ಲ ಅಂತ ಕಡ ತರ್ತೀವಾ? ಇದೆಯಲ್ಲ, ಅದೂ ಇದೇ ಊರಲ್ಲಿ! ಶಾಂತಾ ರಂಗಸ್ವಾಮಿ ಅವರು. ಭಾರತದ ಹೆಣ್ಣುಮಕ್ಕಳ ಟೀಮು ಮೊಟ್ಟಮೊದಲ ಟೆಸ್ಟ್ ಆಡಿದ್ದು 1976ರ ಅಕ್ಟೋಬರ್ 31ಕ್ಕೆ, ವೆಸ್ಟ್ ಇಂಡೀಸ್ ಮೇಲೆ. ಎಲ್ಲಿ ಗೊತ್ತಾ? ಈಗ ಚಿನ್ನಸ್ವಾಮಿ ಅಂತೀವಲ್ಲ, ಅದೇ ಸ್ಟೇಡಿಯಂನಲ್ಲಿ. ಕ್ಯಾಪ್ಟನ್ ಶಾಂತಾ ಅವರು. ಮುಂದಿನ ತಿಂಗಳೇ ಪಾಟ್ನಾದಲ್ಲಿ ಮೊದಲ ಟೆಸ್ಟ್ ಗೆಲುವು, ಅದಕ್ಕೂ ಕ್ಯಾಪ್ಟನ್ ಅವರೇ. 1977ರ ಜನವರಿಯಲ್ಲಿ ನ್ಯೂಜಿಲೆಂಡಿನ ಡುನೆಡಿನ್‌ನಲ್ಲಿ 108 ರನ್ ಹೊಡೆದ್ರು. ಟೆಸ್ಟಲ್ಲಿ ಸೆಂಚುರಿ ಹೊಡೆದ ಮೊದಲನೇ ಭಾರತೀಯ ಹೆಣ್ಣುಮಗಳು. ಅರ್ಜುನ ಪ್ರಶಸ್ತಿ ಬಂದ ಮೊದಲ ಮಹಿಳಾ ಕ್ರಿಕೆಟರ್ ಕೂಡ ಅವರೇ. ಇದೆಲ್ಲ ಆದಾಗ ನಮ್ಮಲ್ಲಿ ಕೆಲವರಿಗೆ ಫ್ರಾಕ್ ಹಾಕೋ ವಯಸ್ಸು. ನಮಗೆ ಯಾರಾದ್ರೂ ಹೇಳಿದ್ರಾ? ನಮ್ಮ ಅಮ್ಮಂದಿರಿಗಾದ್ರೂ ಯಾರಾದ್ರೂ ಹೇಳಿದ್ರಾ?

ಆಮೇಲಿನವರೂ ಇದಾರೆ. ಮಮತಾ ಮಾಬೆನ್, ನಮ್ಮ ಕರ್ನಾಟಕದವರು, ಇಂಡಿಯಾ ಕ್ಯಾಪ್ಟನ್ ಆಗಿದ್ದವರು. 2004ರಲ್ಲಿ ಶ್ರೀಲಂಕಾದ ಕ್ಯಾಂಡಿಯಲ್ಲಿ ಬರೀ 10 ರನ್ ಕೊಟ್ಟು 6 ವಿಕೆಟ್ ತೆಗೆದ್ರು. ವಿಜಯಪುರದ ರಾಜೇಶ್ವರಿ ಗಾಯಕ್ವಾಡ್ 2017ರ ವರ್ಲ್ಡ್ ಕಪ್‌ನಲ್ಲಿ ನ್ಯೂಜಿಲೆಂಡ್ ಮೇಲೆ 15 ರನ್ನಿಗೆ 5 ವಿಕೆಟ್ ತೆಗೆದ್ಲು. ಅದೇ ಮ್ಯಾಚಲ್ಲಿ ಕಡೂರಿನ ವೇದಾ ಕೃಷ್ಣಮೂರ್ತಿ 45 ಬಾಲ್‌ಗೆ 70 ಹೊಡೆದ್ಲು. ಅಂದ್ರೆ ಶ್ರೇಯಾಂಕಾ ಬಾಲ್ ಹಿಡ್ಕೊಂಡು ಬಂದಾಗ ಅವಳ ಹಿಂದೆ ಅಕ್ಕಂದಿರ ಒಂದು ಸಾಲೇ ನಿಂತಿದೆ. ಅದು ನಮ್ಮ ಕಣ್ಣಿಗೆ ಬೀಳಲ್ಲ, ಅಷ್ಟೇ.

ಇನ್ನು ಲೆಕ್ಕದ ಮಾತು. ಮಿಥಾಲಿ ರಾಜ್‌ನ ವರ್ಷಾನುಗಟ್ಟಲೆ "ಲೇಡಿ ಸಚಿನ್" ಅಂದ್ವಿ. ಸಚಿನ್ ಆಡಿದ್ದು 200 ಟೆಸ್ಟ್. ಮಿಥಾಲಿಗೆ ಸಿಕ್ಕಿದ್ದು 12. ಹನ್ನೆರಡೇ! ಒಬ್ಬರಿಗೆ ಇನ್ನೂರು ಸಲ ಎಲೆ ಹಾಕಿ ಬಡಿಸಿ, ಇನ್ನೊಬ್ಬರಿಗೆ ಹನ್ನೆರಡು ಸಲ ಬಡಿಸಿ, ಆಮೇಲೆ ಯಾರು ಜಾಸ್ತಿ ಉಂಡ್ರು ಅಂತ ಕೇಳಿದ ಹಾಗಾಯ್ತು. ಆ 12ರಲ್ಲೇ ಅವಳು 2002ರಲ್ಲಿ ಇಂಗ್ಲೆಂಡಿನಲ್ಲಿ 214 ಹೊಡೆದ್ಲು. 2014ರ ನವೆಂಬರ್‌ನಲ್ಲಿ ನಮ್ಮ ಮೈಸೂರಿನಲ್ಲೇ ಹೆಣ್ಣುಮಕ್ಕಳ ಟೆಸ್ಟ್ ನಡೀತು, ಗೆದ್ದೂ ಬಂದ್ರು. ಅದಾದ್ಮೇಲೆ ಮುಂದಿನ ಟೆಸ್ಟ್ ಯಾವಾಗ? 2021ರ ಜೂನ್‌ನಲ್ಲಿ. ಗೆದ್ದ ಟೀಮನ್ನ ಆರೂವರೆ ವರ್ಷ ಮನೇಲಿ ಕೂರಿಸಿದ್ರು. "ಲೇಡಿ ಸಚಿನ್" ಅಂದ ತಕ್ಷಣ ಇದೆಲ್ಲ ಮುಚ್ಚಿಹೋಗುತ್ತೆ. ಅವಳಿಗೆ ದೊಡ್ಡ ಗೌರವ ಕೊಟ್ವಿ ಅಂತ ನಮಗೆ ಸಮಾಧಾನ, ಅವಳಿಗೆ ಕೊಡಬೇಕಾದ್ದು ಕೊಡಲಿಲ್ಲ ಅನ್ನೋದು ನೆನಪಾಗೋದೇ ಇಲ್ಲ. 2017ರಲ್ಲಿ ಯಾರೋ ಪತ್ರಕರ್ತರು ನಿಮ್ಮ ಮೆಚ್ಚಿನ ಗಂಡು ಆಟಗಾರ ಯಾರು ಅಂದಾಗ ಮಿಥಾಲಿ ತಿರುಗಿ ಕೇಳಿದ್ಲು, ಗಂಡಸರ ಹತ್ರ ಹೋಗಿ ನಿಮ್ಮ ಮೆಚ್ಚಿನ ಆಟಗಾರ್ತಿ ಯಾರು ಅಂತ ಕೇಳ್ತೀರಾ ಅಂತ. ಭಲೇ ಅನ್ನಿಸ್ತು ನನಗೆ.

ಅದೇ 2017ರಲ್ಲಿ ಹರ್ಮನ್‌ಪ್ರೀತ್ ಆಸ್ಟ್ರೇಲಿಯಾ ಮೇಲೆ ಔಟಾಗದೆ 171 ಹೊಡೆದ್ಲು. ತಕ್ಷಣ ಕಪಿಲ್ ದೇವ್ 175 ನೆನಪು ಮಾಡ್ಕೊಂಡ್ರು. 2025ರ ಸೆಮಿಫೈನಲ್‌ನಲ್ಲಿ ಜೆಮಿಮಾ ಔಟಾಗದೆ 127 ಹೊಡೆದು ಮಣ್ಣಾದ ಬಟ್ಟೇಲಿ ಅಳ್ತಾ ನಿಂತಿದ್ಲು, ಅದಕ್ಕೂ ಗಂಭೀರ್ ಫೋಟೋ ಪಕ್ಕದಲ್ಲಿಟ್ರು. ನವೆಂಬರ್ 2ಕ್ಕೆ ವರ್ಲ್ಡ್ ಕಪ್ ಗೆದ್ರೆ "ಇದು ಹೆಣ್ಣುಮಕ್ಕಳ 1983". ಯಾಕೆ, ಇದು 2025 ಅಂದ್ರೆ ಸಾಲದಾ?

ಎದುರು ಮನೆ ಅಕ್ಕ ಅಂತಾರೆ: "ಅಲ್ಲ ಕಣೆ, ಅಭಿಮಾನಕ್ಕೆ ಅಂತೀವಿ. ಕೊಹ್ಲಿ ಹೆಸರು ಹೇಳಿದ್ರೆ ತಾನೆ ನಮ್ಮಂಥೋರಿಗೆ ಅರ್ಥ ಆಗೋದು?" ಈ ಮಾತನ್ನ ನಾನು ತಳ್ಳಿ ಹಾಕಲ್ಲ. ಗೊತ್ತಿಲ್ಲದ್ದನ್ನ ಗೊತ್ತಿರೋದರಿಂದಲೇ ತಿಳಿಸಬೇಕು. ಬೆಣ್ಣೆಹಣ್ಣು ಹೊಸದಾಗಿ ಬಂದಾಗ ಅದನ್ನೂ ಯಾವುದೋ ಹಣ್ಣಿನ ಹಾಗಿರುತ್ತೆ ಅಂತಲೇ ಹೇಳ್ತಿದ್ವಿ. ಆದ್ರೆ ಎಷ್ಟು ದಿನ? ಆಮೇಲೆ ಬೆಣ್ಣೆಹಣ್ಣು ಅಂದ್ರೆ ಬೆಣ್ಣೆಹಣ್ಣೇ. ಹೆಣ್ಣುಮಕ್ಕಳು ಟೆಸ್ಟ್ ಆಡೋಕೆ ಶುರು ಮಾಡಿ ಐವತ್ತು ವರ್ಷ ಆಗ್ತಾ ಬಂತು. ಇನ್ನೂ ಪರಿಚಯ ಮಾಡಿಸ್ತಾನೇ ಇದ್ರೆ ಅದು ಪರಿಚಯ ಅಲ್ಲ, ಮರೆವು.

ಇನ್ನೊಂದು ಕಡೆಯವರಿಗೂ ಒಂದು ಮಾತಿದೆ. "ಶಾಂತಾ ಅವರ ಕಾಲದವರೇ ಕಾಲದವರು, ಈಗಿನೋರು ಬರೀ ದುಡ್ಡಿಗೆ ಆಡ್ತಾರೆ" ಅನ್ನೋರು. ಆ ಕಾಲದವರು ರಿಸರ್ವೇಶನ್ ಇಲ್ಲದ ರೈಲಲ್ಲಿ ಹೋಗಿ, ಡಾರ್ಮಿಟರಿ ನೆಲದ ಮೇಲೆ ಮಲಗಿ ಆಡಿದ್ದು ನಿಜ. ಅದನ್ನ ಅವರೇ ಎಷ್ಟೋ ಕಡೆ ಹೇಳಿದಾರೆ. ಶಾಂತಾ ಅವರು ಕೆನರಾ ಬ್ಯಾಂಕಲ್ಲಿ ಕೆಲಸ ಮಾಡ್ಕೊಂಡೇ ಆಡಿದ್ರು. 2006ರಲ್ಲಿ ಬಿಸಿಸಿಐ ಕೆಳಗೆ ಬಂದ್ಮೇಲೆ ಒಂದೊಂದೇ ಸರಿ ಹೋಯ್ತು, 2022ರ ಅಕ್ಟೋಬರ್‌ನಲ್ಲಿ ಮ್ಯಾಚ್ ಫೀಸೂ ಗಂಡಸರ ಸಮ ಆಯ್ತು, ಒಂದು ಟೆಸ್ಟಿಗೆ 15 ಲಕ್ಷ. 2023ರ ಮೊದಲ ಹರಾಜಿನಲ್ಲಿ ಸ್ಮೃತಿಗೆ 3.40 ಕೋಟಿ, ಶ್ರೇಯಾಂಕಾಗೆ 10 ಲಕ್ಷ. ಸಿಗಲಿ ಬಿಡ್ರೀ! ನಾವು ಒರಳಲ್ಲಿ ರುಬ್ಬಿದ್ವಿ ಅಂತ ಸೊಸೆ ಗ್ರೈಂಡರ್ ಹಾಕಿದ್ರೆ ಅವಳ ಇಡ್ಲಿ ಇಡ್ಲಿ ಅಲ್ವಾ? ಹಳಬರು ಕಷ್ಟಪಟ್ಟಿದ್ದು ಹೊಸಬರೂ ಅಷ್ಟೇ ಕಷ್ಟಪಡಲಿ ಅಂತಲ್ಲ. ಹಾಗೇ ಶಾಂತಾ ಅವರ ಟೆಸ್ಟ್ ಸೆಂಚುರಿನ ಶ್ರೇಯಾಂಕಾಳ ನಾಲ್ಕು ಓವರ್ ಜೊತೆ ತೂಗಬೇಡಿ. ಅದು ಸೇರು, ಇದು ಕೆಜಿ. ಇಬ್ಬರ ಹೆಸರನ್ನೂ ಒಂದೇ ಉಸಿರಲ್ಲಿ ಹೇಳಿ, ಸಾಕು. ಯಾರು ದೊಡ್ಡೋರು ಅನ್ನೋದು ಬೇಡ, ಯಾರ ಹಿಂದೆ ಯಾರು ಬಂದ್ರು ಅನ್ನೋದು ಗೊತ್ತಿರಲಿ.

ಇಷ್ಟೆಲ್ಲ ಯಾಕೆ ತಲೆ ಕೆಡಿಸ್ಕೋತೀಯ ಅಂತೀರಾ? ನಮ್ಮ ಬೀದೀಲೇ ಒಬ್ಬ ಹುಡುಗಿ ಇದಾಳೆ, ಪಿಯು ಕಾಲೇಜು ಟೀಮಲ್ಲಿ ಬ್ಯಾಸ್ಕೆಟ್‌ಬಾಲ್ ಆಡ್ತಾಳೆ. ಸೆಕೆಂಡ್ ಪಿಯು ಬಂತು, ಪ್ರಾಕ್ಟೀಸ್ ಬಿಡಿಸಬೇಕು ಅಂತ ಮನೇಲಿ ಮಾತು. ಓದು ಮುಖ್ಯ, ಒಪ್ಪಿದೆ. ಆದ್ರೆ ಬಂದ ನೆಂಟರೆಲ್ಲ ಕೇಳೋದು ಒಂದೇ: "ಇವಳೇನು ಸ್ಮೃತಿ ಮಂಧಾನ ಆಗ್ತಾಳಾ?" ನೋಡಿ, ಟಿ.ವಿ. ಮುಂದೆ ಹಾರ ಹಾಕಿದ ಹೋಲಿಕೆನೇ ಮನೆಯೊಳಗೆ ಬೆತ್ತ ಆಗುತ್ತೆ. ಗೆದ್ದವಳನ್ನ ಅಳೆಯೋಕೆ ಕೊಹ್ಲಿ, ಕಲಿಯೋಳನ್ನ ಅಳೆಯೋಕೆ ಸ್ಮೃತಿ. ನಡುವೆ ಇರೋ ಸಾವಿರ ಹುಡುಗೀರಿಗೆ, ಸಾಯಂಕಾಲ ಒಂದು ಗಂಟೆ ಓಡಿ ಬೆವರಿ, ಟೀಮಿನ ಜೊತೆ ಬಸ್ಸಲ್ಲಿ ಹೋಗಿ ಸೋತು ಗೆದ್ದು ಬರೋರಿಗೆ, ಜಾಗವೇ ಇಲ್ಲ. ಸಂಗೀತಕ್ಕೆ ಕಳಿಸೋವಾಗ ಇವಳೇನು ಎಂ.ಎಸ್. ಸುಬ್ಬುಲಕ್ಷ್ಮಿ ಆಗ್ತಾಳಾ ಅಂತ ಯಾರೂ ಕೇಳಲ್ಲ. ನಾಲ್ಕು ದೇವರನಾಮ ಬಂದ್ರೆ ಸಾಕು ಅಂತೀವಿ. ಆಟಕ್ಕೆ ಮಾತ್ರ ಯಾಕೆ ಈ ಪರೀಕ್ಷೆ?

ಹಾಗಾಗಿ ನನ್ನ ಬೇಡಿಕೆ ಇಷ್ಟೇ. ಮನೇಲಿ ಮ್ಯಾಚ್ ನೋಡೋವಾಗ ಹುಡುಗೀರ ಹೆಸರನ್ನ ಹೆಸರಿಟ್ಟೇ ಕರೀರಿ. ಮೊಮ್ಮಕ್ಕಳಿಗೆ ದ್ರಾವಿಡ್ ಕಥೆ ಹೇಳೋವಾಗ ಶಾಂತಾ ಅವರ ಕಥೆನೂ ಸೇರಿಸಿ, ಚಿನ್ನಸ್ವಾಮಿ ಮುಂದೆ ಬಸ್ಸಲ್ಲಿ ಹೋದ್ರೆ "ಇಲ್ಲೇ ಕಣೋ ಶುರುವಾಗಿದ್ದು" ಅಂತ ತೋರಿಸಿ. ನೆಂಟರ ಮನೇಲಿ ಯಾರಾದ್ರೂ "ಇವಳೇನು ಅವಳಾಗ್ತಾಳಾ" ಅಂದ್ರೆ, ಕಾಫಿ ಲೋಟ ಕೆಳಗಿಟ್ಟು ಹೇಳಿ, ಅವಳು ಅವಳೇ ಆದ್ರೆ ಸಾಕು ಅಂತ. ಒಂದು ನಿಮಿಷ ಮುಖ ಸಪ್ಪಗಾಗುತ್ತೆ. ಆಗಲಿ ಬಿಡಿ, ಆ ಹುಡುಗಿ ಪಕ್ಕದ ರೂಮಲ್ಲಿ ಕೇಳಿಸ್ಕೋತಿರ್ತಾಳೆ.